ಫ್ರೇಮ್ ನುಂಗಿದ ಅರ್ಧ ಬೆರಳು

ಫ್ರೇಮ್ ಹಾಕಿದ ಯಾವ ಚಿತ್ರವನ್ನೂ ನೀವು ಪೂರ್ತಿ ನೋಡಿಲ್ಲ. ನೋಡಿದ್ದೀವಿ ಅಂತ ನನ್ನ ಹತ್ತಿರ ವಾದಕ್ಕೆ ಬರಬೇಡಿ. ಫ್ರೇಮಿನ ಒಳಗಡೆ ಸುತ್ತಲೂ ಒಂದು ತುಟಿ ಇರುತ್ತೆ. ಚಿತ್ರ ಮುಂದಕ್ಕೆ ಬೀಳದ ಹಾಗೆ ಹಿಡಿದುಕೊಳ್ಳುವುದೇ ಆ ತುಟಿ. ಅದರ ಕೆಳಗೆ ನಾಲ್ಕೂ ಕಡೆ ಅರ್ಧ ಬೆರಳಿನಷ್ಟು ಚಿತ್ರ ಮುಚ್ಚಿಹೋಗುತ್ತೆ. "ಅರ್ಧ ಬೆರಳು ಫ್ರೇಮಿನ ಪಾಲು, ಈಗಲೇ ಹೇಳಿದೀನಿ" ಅಂತ ಫ್ರೇಮಮ್ಮನ ಅಪ್ಪ ಗಿರಾಕಿಗಳಿಗೆ ಮೊದಲೇ ಎಚ್ಚರಿಸುತ್ತಿದ್ದ. ಆಮೇಲೆ ಬಂದು ನಮ್ಮ ತಾತನ ಕಿವಿ ಎಲ್ಲಿ ಹೋಯ್ತು ಅಂತ ಕೂಗಾಡಬಾರದಲ್ಲ!

ಫ್ರೇಮಮ್ಮ ಅನ್ನೋದು ಬೀದಿಯವರು ಇಟ್ಟ ಹೆಸರು. ಅಪ್ಪ ಹೋದ ಮೇಲೆ ಅಂಗಡಿ ಅವಳದ್ದೇ ಆಯಿತು. ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಗಾಜು ಕೊಯ್ಯುವ ಮೇಜು, ಅಂಟಿನ ಡಬ್ಬಿ, ಹಿಂದುಗಡೆ ಒಂದು ಕಿಟಕಿಯ ಸಣ್ಣ ಕೋಣೆ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ. ಬಾಯಲ್ಲಿ ಮೊಳೆ ಇಲ್ಲದಾಗಲೂ ಅವಳ ಮಾತು ಚುಚ್ಚುತ್ತೆ ಅಂತ ಪಕ್ಕದ ಬೇಕರಿಯವನು ಹೇಳುತ್ತಿದ್ದ. ವಯಸ್ಸು ನಲವತ್ತೇಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಎದೆಯಲ್ಲಿ ಇಪ್ಪತ್ತೇಳು ವರ್ಷದಿಂದ ಒಂದು ಕೆಂಡ ಇಟ್ಟುಕೊಂಡು ಕೂತವಳಿಗೆ ಗಂಡ ಎಲ್ಲಿ ಹಿಡಿಸಬೇಕು?

ಆ ಕೆಂಡ ಒಂದು ಬೆಳಿಗ್ಗೆ ತಾನಾಗಿಯೇ ಅಂಗಡಿಗೆ ನಡೆದುಕೊಂಡು ಬಂತು. ಭಾವ ಬಂದ. ಅಂದರೆ ಅಕ್ಕನ ಗಂಡ. ಊರಿಗೆಲ್ಲ ದೊಡ್ಡ ಕಲಾವಿದ, ಹೆಗಲ ಮೇಲೆ ಶಾಲು, ಗಡ್ಡಕ್ಕೆ ದಿನಾ ಬಾಚಣಿಗೆ. ಹಿಂದೆ ಇಬ್ಬರು ಆಳುಗಳು ಬಟ್ಟೆ ಸುತ್ತಿದ ಒಂದು ದೊಡ್ಡ ಚಿತ್ರವನ್ನು ಹೊತ್ತು ತಂದರು.

"ಪುಟ್ಟೀ, ಸಂತೋಷದ ಸುದ್ದಿ" ಅಂದ. ಅವಳು ಹದಿಮೂರು ವರ್ಷದವಳಿದ್ದಾಗ ಅಕ್ಕನನ್ನು ಮದುವೆಯಾಗಿ ಬಂದವನು. ಇವತ್ತಿಗೂ ಅವಳು ಪುಟ್ಟಿಯೇ. "ಕಲಾ ಸಂಗ್ರಹಾಲಯದವರು 'ಮಧ್ಯಾಹ್ನ'ವನ್ನ ತಗೊಂಡ್ರು. ಇದನ್ನ ಇಡೋ ಕೋಣೆಗೆ ನನ್ನ ಹೆಸರನ್ನೇ ಇಡ್ತಾರಂತೆ! ಹಳೇ ಫ್ರೇಮಿಗೆ ಹುಳ ಬಿದ್ದಿದೆ, ಹೊಸದು ಹಾಕಿಸಿ ಅಂದ್ರು. ನಿನ್ನ ಬಿಟ್ಟು ಇನ್ಯಾರ ಹತ್ರ ಹೋಗ್ಲಿ?"

ಫ್ರೇಮಮ್ಮ ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದಳು. "ಎಂಥ ಫ್ರೇಮ್ ಬೇಕು ಭಾವ?"

"ನಿನಗೆ ತೋಚಿದ್ದು ಹಾಕು. ಫ್ರೇಮ್ ತಾನೇ!" ಅಂದ ಭಾವ, ಗಡಿಯಾರ ನೋಡಿಕೊಂಡು ಹೊರಟ. "ಸೀದಾ ಅಲ್ಲಿಗೇ ಕಳಿಸಿಬಿಡು. ನನಗೆ ಭಾಷಣ ಬರೆಯೋದಿದೆ."

ಫ್ರೇಮ್ ತಾನೇ! ನೋಡಿ, ಮನುಷ್ಯನನ್ನು ಕೆಡಿಸುವುದು ಇಂಥ ಮಾತೇ. ಭಾವ ಜನ್ಮದಲ್ಲಿ ಒಂದು ಮೊಳೆ ಹೊಡೆದವನಲ್ಲ. ಚಿತ್ರ ಬರೆಯುವುದು ಮೇಲಿನ ಕೆಲಸ, ಫ್ರೇಮ್ ಹಾಕುವುದು ಬಡಗಿಯ ಕೆಲಸ ಅನ್ನೋದು ಅವನ ಲೆಕ್ಕ. ಹಾಗಾಗಿ ಇಪ್ಪತ್ತೇಳು ವರ್ಷ ಆ ಚಿತ್ರವನ್ನು ಊರೂರಿಗೆ ಹೊತ್ತು ತಿರುಗಿದರೂ ಒಂದು ಸಲವೂ ಅದರ ಫ್ರೇಮ್ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದ್ದರೆ ಅವತ್ತೇ ಹುಷಾರಾಗುತ್ತಿದ್ದ.

ಯಾಕೆಂದರೆ ಆ ಚಿತ್ರ ಅವನದ್ದಲ್ಲ.

ಇಪ್ಪತ್ತು ವರ್ಷದ ಪುಟ್ಟಿ ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ಲೈವುಡ್ ಹಲಗೆಯ ಮೇಲೆ, ಎರಡು ತಿಂಗಳು ಕೂತು ಬರೆದಿದ್ದಳು. ನೆಲದ ಮೇಲೆ ಮಧ್ಯಾಹ್ನದ ಹೊತ್ತು ಮಲಗಿದ ಅಮ್ಮ. ಒಂದು ಕೈ ಕಣ್ಣಿನ ಮೇಲೆ, ಬಾಯಿ ತುಸು ತೆರೆದಿದೆ, ಬಿರಿದ ಹಿಮ್ಮಡಿಗೆ ಕಿಟಕಿಯ ಬಿಸಿಲು ಬಿದ್ದಿದೆ. ಅಂಗಿಯ ಮೂರನೇ ಗುಂಡಿ ಇರಬೇಕಾದ ಕಡೆ ಬರೀ ದಾರ ಜೋತಾಡುತ್ತಿದೆ. ಯಾರಿಗೆ ತೋರಿಸಬೇಕು ಅಂತ ಬರೆದದ್ದಲ್ಲ. ಬರೆಯುತ್ತಿದ್ದರೆ ಊಟ ನೆನಪಾಗುತ್ತಿರಲಿಲ್ಲ, ಅಷ್ಟೆ. ಮುಗಿದ ಮೇಲೂ ಬಿಡಲು ಮನಸ್ಸು ಬಾರದೆ, ಫ್ರೇಮಿನ ಅಡಿ ಹೋಗುವ ಅರ್ಧ ಬೆರಳಿನ ಜಾಗದಲ್ಲಿ ಸುತ್ತಲೂ ಇರುವೆ ಸಾಲು ಬರೆದಳು. ಅಮ್ಮನಿಗೂ ಇರುವೆಗೂ ಸಕ್ಕರೆ ಡಬ್ಬಿಯ ವಿಚಾರದಲ್ಲಿ ಹುಟ್ಟಾ ಹಗೆತನ. ಅಮ್ಮ ಮಲಗಿದ್ದಾಗ ಅವು ಮನೆಯನ್ನೆಲ್ಲ ಹೊತ್ತುಕೊಂಡು ಹೋಗುತ್ತಿವೆ ಅನ್ನೋದು ತಮಾಷೆ. ಅಪ್ಪ ಅದನ್ನು ನೋಡಿ, "ಇದ್ಯಾಕೆ ಕತ್ತೆ, ಯಾರಿಗೂ ಕಾಣಲ್ಲ" ಅಂದ. "ಅದಕ್ಕೇ ಬರೆದದ್ದು" ಅಂದಳು. ಅಪ್ಪ ನಕ್ಕು ಫ್ರೇಮ್ ಬಡಿದ.

ಆಗ ಭಾವ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೂಜಿ, ಬಾಳೆಹಣ್ಣು, ಸೂರ್ಯಾಸ್ತ ಬರೆಯುತ್ತಿದ್ದವನು. "ಒಬ್ಬರಿಗೆ ತೋರಿಸಿ ತರ್ತೀನಿ" ಅಂತ ಚಿತ್ರ ತೆಗೆದುಕೊಂಡು ಹೋದ. ಎರಡು ತಿಂಗಳಾದ ಮೇಲೆ ಪತ್ರಿಕೆಯಲ್ಲಿ ಬಂತು: ದೊಡ್ಡ ಸ್ಪರ್ಧೆಯಲ್ಲಿ ಮೊದಲ ಬಹುಮಾನ, ಚಿತ್ರದ ಕೆಳಗೆ ಭಾವನ ಹೆಸರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತ್ತು.

ಪುಟ್ಟಿ ಕೈಗೆ ಸಿಕ್ಕಿದ ಸುತ್ತಿಗೆ ಹಿಡಿದುಕೊಂಡೇ ಅಕ್ಕನ ಮನೆಗೆ ಓಡಿದಳು. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಆರು ತಿಂಗಳ ಬಸುರಿ. "ಈಗ ನಿಜ ಹೇಳಿದ್ರೆ ಅವರ ಕೆಲಸ ಹೋಗುತ್ತೆ, ಮಾನ ಹೋಗುತ್ತೆ. ನನ್ನ ಸಂಸಾರ ಬೀದಿಗೆ ಬರುತ್ತೆ ಕಣೇ. ನಾನಿರೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು" ಅಂತ ಅತ್ತಳು. ಅಪ್ಪನೂ, "ಅಳಿಯನ ಮಾನ, ಏನ್ಮಾಡೋದು? ಇನ್ನೊಂದು ಬರಿ ಬಿಡು" ಅಂದ. ಪುಟ್ಟಿ ಮಾತು ಕೊಟ್ಟಳು. ಇನ್ನೊಂದು ಬರೆಯಲಿಲ್ಲ. ಹಲಗೆ ಮುಂದಿಟ್ಟುಕೊಂಡರೆ ಸಾಕು, ಕೈ ಸೆಟೆದು ಮರದ ಹಾಗಾಗುತ್ತಿತ್ತು.

ಭಾವನ ನಸೀಬು ನೋಡಿ! ಚಿತ್ರ ಕ್ಯಾಲೆಂಡರಿಗೆ ಬಂತು, ಮಕ್ಕಳ ಪಠ್ಯಪುಸ್ತಕಕ್ಕೆ ಬಂತು. ಇಲ್ಲದ ಗುಂಡಿಯ ಮೇಲೆ ಪಂಡಿತರು ಪುಟಗಟ್ಟಲೆ ಬರೆದರು. ಅದು ಬಡತನದ ಗಾಯವಂತೆ, ಹೆಣ್ಣಿನ ಮೌನವಂತೆ. ಭಾವನೂ ಹೌದು ಹೌದು ಅಂತ ತಲೆಯಾಡಿಸಿದ. ಆಮೇಲೆ ಹೆಂಗಸರನ್ನು ಮಲಗಿಸಿದ್ದೇ ಮಲಗಿಸಿದ್ದು. ಚಾಪೆಯ ಮೇಲೆ, ಮಂಚದ ಮೇಲೆ, ರೈಲಿನಲ್ಲಿ. ಇಪ್ಪತ್ತೇಳು ವರ್ಷ ಮಲಗಿಸಿದರೂ ಒಬ್ಬಳಿಗೂ ನಿದ್ದೆ ಬರಲಿಲ್ಲ; ಎಲ್ಲರೂ ಕಣ್ಣು ಮುಚ್ಚಿಕೊಂಡು ಸುಮ್ಮನೆ ಬಿದ್ದಿದ್ದರು. ಕೊಳ್ಳುವವರಿಗೆ ಅದೆಲ್ಲ ಯಾಕೆ? ಹೆಸರಿತ್ತು, ಕೊಂಡರು.

ಫ್ರೇಮಮ್ಮನಿಗೆ ಉಳಿದದ್ದು ಇರುವೆ ಒಂದೇ. ಹಲಗೆಗೆ ಸೆಟೆದುಕೊಳ್ಳುವ ಕೈ ಅರ್ಧ ಬೆರಳಿನ ಜಾಗದಲ್ಲಿ ಮಾತ್ರ ಸಡಿಲವಾಗುತ್ತಿತ್ತು. ಯಾರು ಏನೇ ಫ್ರೇಮ್ ಹಾಕಿಸಲು ತಂದರೂ, ಫೋಟೋದ ಸುತ್ತ ಇಡುವ ರಟ್ಟಿನ ಅಂಚಿನಲ್ಲಿ, ತುಟಿಯ ಅಡಿ ಹೋಗುವ ಕಡೆ, ನಾಲ್ಕು ಕೂದಲಿನ ಕುಂಚದಿಂದ ಇರುವೆ ಬರೆಯುತ್ತಿದ್ದಳು. ಹಟ ಮಾಡಿ ಪ್ರೀತಿಸಿದವನನ್ನೇ ಮದುವೆಯಾದ ಹುಡುಗಿಯ ಫೋಟೋಗೆ ಮೀಸೆಗೆ ಮೀಸೆ ತಾಗಿಸಿ ನಿಂತ ಎರಡು ಇರುವೆ. ಜಿಪುಣ ವ್ಯಾಪಾರಿಯ ಫೋಟೋಗೆ ಒಂದು ಕಾಳನ್ನು ಎಳೆದಾಡುವ ಏಳು ಇರುವೆ. ಪೊಲೀಸಪ್ಪನಿಗೆ ಹಿಂದಕ್ಕೆ ನಡೆಯುವ ಇರುವೆ. ಬರೆದು, ಒಬ್ಬಳೇ ಕಿಸಕ್ಕನೆ ನಕ್ಕು, ಫ್ರೇಮ್ ಬಡಿದು ಕೊಟ್ಟುಬಿಡುತ್ತಿದ್ದಳು. ಆ ನಗು ಇಲ್ಲದಿದ್ದರೆ ಎಂದೋ ಹುಚ್ಚು ಹಿಡಿಯುತ್ತಿತ್ತು.

ಇದು ಗೊತ್ತಿದ್ದವನು ಬೇಕರಿಯವನೊಬ್ಬನೇ. ಒಂದು ಸಲ ಅವನ ಅಪ್ಪನ ಫೋಟೋದ ಗಾಜು ಒಡೆದು, ಅವನೇ ಬಿಚ್ಚಲು ಹೋಗಿ, ಒಳಗೆ ಬ್ರೆಡ್ಡಿನ ಚೂರು ಹೊತ್ತ ಇರುವೆ ನೋಡಿದ. ಉಫ್ ಅಂತ ಊದಿದ, ಹೋಗಲಿಲ್ಲ. ಹೆಬ್ಬೆರಳಲ್ಲಿ ಒರೆಸಿದ, ಹೋಗಲಿಲ್ಲ. ಅಂಗಡಿಗೆ ತಂದು ಕೇಳಿದಾಗ ಅವಳು, "ನಂದೇ. ಬೇಡ ಅಂದ್ರೆ ಕೆರೆದು ಹಾಕ್ತೀನಿ" ಅಂದಳು. "ಇರ್ಲಿ ಬಿಡಮ್ಮ, ಅಪ್ಪನಿಗೂ ಜೊತೆಗೆ ಯಾರಾದ್ರೂ ಬೇಕಲ್ಲ" ಅಂದು ಹೋದ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅಕ್ಕ ತೀರಿಕೊಂಡು ಈಗ ಒಂದು ವರ್ಷ. ನಾನಿರೋವರೆಗೂ ಅಂದಿದ್ದಳು. ಇರುವಷ್ಟು ದಿನ ಇದ್ದಳು, ಹೋದಳು. ಮಾತು ತೀರಿತು.

ಆವತ್ತು ಭಾವ ಅತ್ತ ಹೋದ ಮೇಲೆ ಫ್ರೇಮಮ್ಮ ಅಂಗಡಿಯ ಬಾಗಿಲು ಹಾಕಿಕೊಂಡಳು. ಅಪ್ಪ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಫ್ರೇಮ್ ಎತ್ತಿದಳು. ಇರುವೆಗಳು ಹಾಗೇ ಇದ್ದವು, ನಿನ್ನೆ ಬರೆದ ಹಾಗೆ ಕರ್ರಗೆ. ಅಮ್ಮ ಹಾಗೇ ಮಲಗಿದ್ದಳು. ಫ್ರೇಮಮ್ಮ ಮೊದಲು ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬಾ ಭಾವ, ಬಾ. ಉಪ್ಪು ತಿಂದಿದೀಯ, ನೀರು ಕುಡಿಸ್ತೀನಿ" ಅಂದಳು. ಅವಳಿಗೆ ಬೇಕಾಗಿದ್ದು ಒಂದೇ: ಚಿತ್ರ ನನ್ನದಲ್ಲ, ಪುಟ್ಟಿಯದು ಅಂತ ಅವನ ಬಾಯಿಂದಲೇ, ನಾಲ್ಕು ಜನರ ಎದುರಿಗೇ ಬರಬೇಕು.

ಹದಿನೈದು ದಿನ ಕೂತು ಅವಳು ತುಟಿಯೇ ಇಲ್ಲದ ಫ್ರೇಮ್ ಮಾಡಿದಳು. ಚಿತ್ರವನ್ನು ಹಿಂದಿನಿಂದ ತಿರುಪು ಹಾಕಿ ಹಿಡಿಯುವ ಫ್ರೇಮು. ಮುಂದೆ ಒಂದು ಕೂದಲಿನಷ್ಟನ್ನೂ ಮುಚ್ಚುವುದಿಲ್ಲ. ಬಟ್ಟೆ ಹೊದಿಸಿ ಸೀದಾ ಸಂಗ್ರಹಾಲಯಕ್ಕೆ ಕಳಿಸಿದಳು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದರು. ದಪ್ಪ ಕನ್ನಡಕದ ಶಿಸ್ತಿನ ಹೆಂಗಸು. ಬಟ್ಟೆ ಸಭೆಯಲ್ಲೇ ಸರಿಯಲಿ ಅಂತ ಫ್ರೇಮಮ್ಮ ಹೇಳಿದ್ದಕ್ಕೆ, "ಆಗಲಿ, ನಮಗೂ ಅದೇ ಚೆನ್ನ" ಅಂದಳು.

ಚಿತ್ರ ಅನಾವರಣದ ದಿನ ಸಂಜೆ ನಾಲ್ಕಕ್ಕೆ ಸಭೆ. ಮುನ್ನೂರು ಕುರ್ಚಿ, ಎಲ್ಲ ತುಂಬಿದ್ದವು. ಚಹಾ ಬಿಸ್ಕತ್ತಿನ ಜವಾಬ್ದಾರಿ ಬೇಕರಿಯವನದ್ದು. ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಫ್ರೇಮಮ್ಮ ಕೊನೇ ಸಾಲಿನಲ್ಲಿ ಕೂತಿದ್ದಳು, ಇದ್ದದ್ದರಲ್ಲಿ ಒಳ್ಳೇ ಬಟ್ಟೆ ಉಟ್ಟು. 

ಭಾವ ಎದ್ದು ಶಾಲು ಸರಿಮಾಡಿಕೊಂಡ. "ಕಲೆಗೆ ಬೆಲೆ ಎಲ್ಲಿಂದ ಬರುತ್ತೆ ಅಂತ ಜನ ನನ್ನನ್ನ ಕೇಳ್ತಾರೆ. ಹೆಸರಿನಿಂದಲಾ? ಹೆಸರು ಇವತ್ತು ಇರುತ್ತೆ, ನಾಳೆ ಇಲ್ಲ. ದುಡ್ಡಿನಿಂದಲಾ? ದುಡ್ಡು ಸಂತೆಯ ಮಾತು. ನಾನು ಈ ಚಿತ್ರ ಬರೆದದ್ದು ಬರೀ ಆನಂದಕ್ಕೆ. ಯಾರೂ ನೋಡದಿದ್ದರೂ ಬರೀತಿದ್ದೆ!"

ಕೊನೇ ಸಾಲಿನಲ್ಲಿ ಫ್ರೇಮಮ್ಮನ ಹೊಟ್ಟೆ ಉರಿದುಹೋಯಿತು. ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಚಿತ್ರ ಕದ್ದದ್ದು ಸಾಲದೆ, ಬರೆಯುವಾಗ ನನಗಾದ ಖುಷಿಯನ್ನೂ ಕದಿಯುತ್ತೀಯಾ? ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮೇಡಂ ದಾರ ಎಳೆದಳು, ಬಟ್ಟೆ ಬಿತ್ತು. ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಕ್ಯಾಲೆಂಡರಿನಲ್ಲಿ, ಪುಸ್ತಕದಲ್ಲಿ ನೋಡಿ ನೋಡಿ ಬಾಯಿಪಾಠವಾಗಿದ್ದ ಚಿತ್ರದ ಸುತ್ತ ಯಾರೂ ನೋಡಿರದ ಇರುವೆಗಳ ಸಾಲು. ಮೇಡಂ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದಳು. "ಇದೇನು ಸರ್, ಇರುವೆ?"

ಭಾವನ ಮುಖ ಬಿಳಿಚಿಕೊಂಡಿತು. ಫ್ರೇಮಮ್ಮ ಇದಕ್ಕಾಗಿಯೇ ಕಾದಿದ್ದಳು. ಈಗ ತೊದಲುತ್ತಾನೆ, ಈಗ ಸಿಕ್ಕಿಬೀಳುತ್ತಾನೆ ಅಂತ ಮುಂದಕ್ಕೆ ಬಾಗಿದಳು.

ಆದರೆ ಭಾವ ಏನು ಸಾಮಾನ್ಯನಾ? ಇಪ್ಪತ್ತೇಳು ವರ್ಷ ಸುಳ್ಳಿನ ಮೇಲೆ ಸಂಸಾರ ಮಾಡಿದವನು. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. "ಕೊನೆಗೂ ನನ್ನ ಗುಟ್ಟು ಹೊರಗೆ ಬಂತು" ಅಂದ, ಧ್ವನಿ ನಡುಗಿಸಿ. "ತಾಯಿ ಮಲಗಿದ್ದಾಳೆ, ಸುತ್ತಲೂ ದುಡಿಯೋ ಪ್ರಪಂಚ ನಿಲ್ಲದೆ ನಡೀತಾ ಇದೆ. ಅದೇ ಈ ಇರುವೆ. ಇದನ್ನ ನನ್ನ ಕೈಯಾರೆ ಬರೆದು ಫ್ರೇಮಿನ ಅಡಿ ಬಚ್ಚಿಟ್ಟಿದ್ದೆ. ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ. ಇಂಥ ಇರುವೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ!"

ಚಪ್ಪಾಳೆ ಚಾವಣಿ ಹಾರಿಹೋಗುವ ಹಾಗೆ. ಮುಂದಿನ ಸಾಲಿನವರು ಎದ್ದೇ ನಿಂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಇಪ್ಪತ್ತೇಳು ವರ್ಷ ಕಾದು ತಾನೇ ಕೈಯಾರೆ ಅವನಿಗೆ ಇನ್ನೊಂದು ಕಿರೀಟ ತೊಡಿಸಿದ ಹಾಗಾಯಿತು.  ಫ್ರೇಮಮ್ಮ ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ.

"ಭಾವ! ಕೆಳಗೆ ಬಲಗಡೆ ಮೂಲೇಲಿ ಒಂದು ಇರುವೆ ಸಾಲು ಬಿಟ್ಟು ಆ ಕಡೆ ಹೋಗ್ತಿದೆ ನೋಡಿ. ಅದು ಏನು ಹೊತ್ಕೊಂಡು ಹೋಗ್ತಿದೆ?"

ಎಲ್ಲರೂ ತಿರುಗಿ ನೋಡಿದರು. ಭಾವ ನಕ್ಕ. "ನನ್ನ ಹೆಂಡತಿ ತಂಗಿ. ಫ್ರೇಮ್ ಹಾಕಿದವಳು ಇವಳೇ" ಅಂತ ಸಭೆಗೆ ಪರಿಚಯ ಮಾಡಿಕೊಟ್ಟ. "ಸಕ್ಕರೆ ಕಾಳು ಪುಟ್ಟೀ. ಇರುವೆ ಇನ್ನೇನು ಹೊರುತ್ತೆ?"

"ಮೇಡಂ, ನೀವು ನೋಡಿ ಹೇಳಿ" ಅಂದಳು ಫ್ರೇಮಮ್ಮ.

ಮೇಡಂ ಮೂಗು ತಾಗುವಷ್ಟು ಬಾಗಿದಳು. "ಸಕ್ಕರೆ ಅಲ್ಲ... ದುಂಡಗಿದೆ... ನಾಲ್ಕು ತೂತು..." ಸೆಟೆದು ನಿಂತಳು. "ಇದು ಗುಂಡಿ!"

ಮುನ್ನೂರು ಜೋಡಿ ಕಣ್ಣು ಇರುವೆಯಿಂದ ಅಮ್ಮನ ಅಂಗಿಗೆ ಹೋದವು. ಜೋತಾಡುವ ದಾರ. ಇಲ್ಲದ ಮೂರನೇ ಗುಂಡಿ. ಯಾರೋ ಒಬ್ಬರು ಫಕ್ಕನೆ ನಕ್ಕರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಬಡತನದ ಗಾಯವೂ ಇಲ್ಲ, ಮೌನವೂ ಇಲ್ಲ. ಅಮ್ಮ ಮಲಗಿದ್ದಾಗ ಇರುವೆ ಗುಂಡಿ ಎತ್ತಿಕೊಂಡು ಹೋಗಿದೆ, ಅಷ್ಟೆ!

"ಬರೆದೋರಿಗೆ ಅದು ಗೊತ್ತಿರಬೇಕಿತ್ತು, ಅಲ್ವಾ ಭಾವ?"

ಭಾವ ಗಡ್ಡ ಸವರಿಕೊಂಡ. "ಎಷ್ಟೋ ವರ್ಷ ಆಯ್ತು, ಮರೆತಿರಬಹುದು..."

ಅಷ್ಟು ಹೊತ್ತಿಗೆ ಬೇಕರಿಯವನು ತಟ್ಟೆ ಕೆಳಗಿಟ್ಟ. "ಸಾರ್, ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅಂದ್ರಲ್ಲ, ನಮ್ಮನೇಲಿದೆ. ನಮ್ಮಪ್ಪನ ಫೋಟೋದಲ್ಲಿ. ಇದೇ ಇರುವೆ, ಇದೇ ಕಾಲು, ಇದೇ ಮೀಸೆ. ಬರೆದಿದ್ದು ಈಯಮ್ಮ. ನನ್ನ ಹತ್ರ ಒಪ್ಕೊಂಡಿದ್ದಾರೆ."

ಸಭೆ ಗುಜುಗುಜು ಅಂದಿತು.  ಮೇಡಂ ತನ್ನ ಕೋಣೆಗೆ ಹೋಗಿ, ಗೋಡೆಯಲ್ಲಿದ್ದ ತನ್ನ ಪದವಿ ಪತ್ರವನ್ನು ಫ್ರೇಮ್ ಸಮೇತ ಕಿತ್ತು ತಂದಳು. "ಇದಕ್ಕೂ ಫ್ರೇಮ್ ಹಾಕಿದ್ದು ನೀವೇ ಅಲ್ವಾ? ಬಿಚ್ಚಿ."

ಫ್ರೇಮಮ್ಮ ಮುಂದೆ ಬಂದು ಚೀಲದಿಂದ ಇಕ್ಕಳ ತೆಗೆದಳು. ಬೇಕಂತಲೇ ನಿಧಾನ ಮಾಡಿದಳು. ಒಂದೊಂದು ಮೊಳೆ ಟಣ್ ಅಂತ ನೆಲಕ್ಕೆ ಬಿದ್ದಾಗಲೂ ಭಾವನ ಹುಬ್ಬು ಹಾರುವುದನ್ನು ನೋಡಿದಳು. ಎಂಟು ಮೊಳೆ. ಆ ಎಂಟು ಮೊಳೆಯಷ್ಟು ಸುಖ ಅವಳು ಜೀವನದಲ್ಲಿ ಉಂಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಫ್ರೇಮ್ ಎತ್ತಿದರೆ ರಟ್ಟಿನ ಅಂಚಿನಲ್ಲಿ ಒಂದೇ ಒಂದು ಇರುವೆ, ಪುಸ್ತಕದ ಮೇಲೆ ಕೂತು ಓದುತ್ತಿದೆ. ಮೂಗಿನ ಮೇಲೆ ದಪ್ಪ ಕನ್ನಡಕ.

ಮೇಡಂ ಮೊದಲು ಕೆಂಪಾದಳು, ಆಮೇಲೆ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ಮುಗಿದ ಮೇಲೆ ಭಾವನ ಕಡೆ ತಿರುಗಿದಳು. "ಸರ್, ಏನು ಹೇಳ್ತೀರಿ?"

"ಹೇಳಿ ಭಾವ" ಅಂದಳು ಫ್ರೇಮಮ್ಮ. "ಅಕ್ಕ ಇಲ್ಲ ಈಗ. ಇನ್ಯಾರ ಸೆರಗಿನ ಹಿಂದೆ ನಿಲ್ತೀರಿ? ಹೇಳಿ."

ಭಾವ ಶಾಲು ತೆಗೆದು ಕುರ್ಚಿಯ ಮೇಲಿಟ್ಟ. "ಚಿತ್ರ ಪುಟ್ಟೀದು" ಅಂದ. ಕೊನೇ ಸಾಲಿಗೆ ಕೇಳಲಿಲ್ಲ ಅಂತ ಯಾರೋ ಕೂಗಿದರು. ಅವನು ಇನ್ನೊಮ್ಮೆ ಹೇಳಬೇಕಾಯಿತು. "ನಾನು ಬರೆದದ್ದಲ್ಲ. ಪುಟ್ಟೀದು." ತಿರುಗಿ ಬಾಗಿಲ ಕಡೆ ನಡೆಯುವಾಗ ಅವಳ ಪಕ್ಕದಲ್ಲೇ ಹಾದುಹೋದ. ಅವಳು ತಗ್ಗಿದ ಧ್ವನಿಯಲ್ಲಿ, "ಫ್ರೇಮ್ ತಾನೇ, ಭಾವ!" ಅಂದಳು.

ಹತ್ತು ದಿನ ಫ್ರೇಮಮ್ಮ ದಿನಾ ಬೆಳಿಗ್ಗೆ ತಾನೇ ಹೋಗಿ ಪತ್ರಿಕೆ ತಂದಳು. ಕೋಣೆಗೆ ಭಾವನ ಹೆಸರು ಬರಲಿಲ್ಲ. ಪಠ್ಯಪುಸ್ತಕದಿಂದ ಹೆಸರು ಕಿತ್ತರು. ಅವನ ಮಲಗಿದ ಹೆಂಗಸರನ್ನು ಕೊಂಡವರು ವಾಪಸ್ ತಗೊಳ್ಳಿ ಅಂತ ಬಾಗಿಲು ಬಡಿದರು. ಹಿಂದೆ ಬಿದ್ದು ಸಲಾಮು ಹೊಡೆಯುತ್ತಿದ್ದವರು ಅವನನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದಾರಂತೆ. ಒಂದೊಂದನ್ನೂ ಅವಳು ಎರಡೆರಡು ಸಲ ಓದಿದಳು, ಚಹಾದ ಜೊತೆ. ಮಾಡಿದ್ದುಣ್ಣೋ ಮಹಾರಾಯ!

ಹನ್ನೊಂದನೇ ದಿನ ಅಂಗಡಿಯ ಮುಂದೆ ಸಾಲು ನಿಂತಿತು.

ಊರಲ್ಲಿ ಅವಳ ಕೈಯಲ್ಲಿ ಫ್ರೇಮ್ ಹಾಕಿಸದ ಮನೆಯೇ ಇರಲಿಲ್ಲ. ಎಲ್ಲರೂ ಗೋಡೆಯಿಂದ ಅಜ್ಜ ಅಜ್ಜಿಯರನ್ನು ಇಳಿಸಿ, ಬಿಚ್ಚಿ, ಇರುವೆ ಹುಡುಕಿದರು. ಜಿಪುಣನ ಮಕ್ಕಳು ಏಳು ಇರುವೆಯ ಅರ್ಥ ತಿಳಿದು ಬಂದು ಬೈದರು. ಪೊಲೀಸಪ್ಪ ಮಾತು ಬಿಟ್ಟ. ಉಳಿದವರೆಲ್ಲ ತುಟಿಯಿಲ್ಲದ ಫ್ರೇಮ್ ಹಾಕಿ ಕೊಡಿ, ಇರುವೆ ಕಾಣಬೇಕು ಅಂದರು. ಹೊಸಬರು ಬಂದರು, ದೂರದ ಊರಿಂದ. "ಅಮ್ಮಾ, ನಮಗೆ ಆರು ಇರುವೆ. ಸ್ವಲ್ಪ ದೊಡ್ಡದಾಗಿ, ಫೋಟೋದಲ್ಲಿ ಬೀಳೋ ಹಾಗೆ." "ಇರುವೆಗಳು ನನ್ನ ಹೆಸರು ಹೊತ್ತಿರಲಿ." "ಕೆಳಗೆ ನಿಮ್ಮ ಸಹಿ ಇರಲಿ, ಇಲ್ಲದಿದ್ರೆ ಯಾರೂ ನಂಬಲ್ಲ." ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರು. ಸಂಗ್ರಹಾಲಯದವರು ಕೋಣೆಗೆ ಅವಳ ಹೆಸರನ್ನೇ ಇಟ್ಟರು.

ಒಂದು ತಿಂಗಳಿಗೆ ಫ್ರೇಮಮ್ಮನಿಗೆ ಒಂದು ವಿಷಯ ಹೊಳೆಯಿತು: ತಾನು ಕಿಸಕ್ಕನೆ ನಕ್ಕು ಎಷ್ಟೋ ದಿನವಾಯಿತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಯಾರೂ ಕೇಳದೇ ಇದ್ದ ಒಂದು ರಟ್ಟಿನ ಮೇಲೆ, ತನಗಾಗಿ ಒಂದು ಇರುವೆ ಬರೆಯಲು ಕೂತಳು. ಇದನ್ನೂ ನಾಳೆ ಯಾರಾದರೂ ಬಿಚ್ಚಿ ನೋಡುತ್ತಾರೆ ಅನ್ನಿಸಿತು. ಕೈ ಸೆಟೆದು ಮರದ ಹಾಗಾಯಿತು. ಕುಂಚ ತೊಳೆದಿಟ್ಟು ಬಾಗಿಲು ತೆಗೆದಳು.

ಮಾರನೇ ದಿನ ಸಾಲಿನಲ್ಲಿ ಭಾವ ನಿಂತಿದ್ದ.

ಗಡ್ಡ ಬಾಚಿರಲಿಲ್ಲ. ಅಂಗಿಯ ತೋಳಿಗೆ ಬಣ್ಣ, ಉಗುರಿನಲ್ಲಿ ಬಣ್ಣ. ಅವನ ಸರದಿ ಬರುವವರೆಗೂ ಅವಳು ಕಂಡರೂ ಕಾಣದ ಹಾಗೆ ಇದ್ದಳು. ಕಾಲಿಗೆ ಬೀಳಲು ಬಂದಿರುತ್ತಾನೆ, ಬೀಳಲಿ, ನಾಲ್ಕು ಜನ ನೋಡಲಿ ಅಂತ ಒಳಗೊಳಗೇ ಹಲ್ಲು ಮಸೆದಳು. ಅವನು ಕಾಗದ ಸುತ್ತಿದ ಒಂದು ಸಣ್ಣ ಹಲಗೆಯನ್ನು ಮೇಜಿನ ಮೇಲಿಟ್ಟ. "ಇದಕ್ಕೊಂದು ಫ್ರೇಮ್ ಬೇಕಿತ್ತು, ಪುಟ್ಟೀ."

ಬಿಚ್ಚಿದಳು. ಅಕ್ಕ.

ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಒಂದು ಕಣ್ಣು ಮುಚ್ಚಿದೆ, ನಾಲಿಗೆಯ ತುದಿ ಬಾಯಿಯ ಮೂಲೆಯಲ್ಲಿ ಇಣುಕುತ್ತಿದೆ. ಚಿಕ್ಕಂದಿನಿಂದಲೂ ಸೂಜಿ ಹಿಡಿದರೆ ಅಕ್ಕನಿಗೆ ಆ ನಾಲಿಗೆ ಹೊರಗೆ ಬರುತ್ತಿತ್ತು. ಮೂಗು ಸ್ವಲ್ಪ ಸೊಟ್ಟಗಾಗಿದೆ, ಮೆಟ್ಟಿಲು ವಾಲಿದೆ. ಆದರೆ ಅಕ್ಕ ಉಸಿರಾಡುತ್ತಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಒಬ್ಬ ಹೆಂಗಸಿಗೂ ನಿದ್ದೆ ಬರಿಸಲಾಗದವನು ಸತ್ತ ಹೆಂಡತಿಯನ್ನು ಎಬ್ಬಿಸಿ ಕೂರಿಸಿದ್ದ.

ಫ್ರೇಮಮ್ಮ ಹಲಗೆಯನ್ನು ಬೆಳಕಿಗೆ ಹಿಡಿದಳು. ಮತ್ತೆ ಮೇಜಿನ ಮೇಲಿಟ್ಟು, "ಯಾವ ಸ್ಪರ್ಧೆಗೆ?" ಅಂದಳು, ಚುಚ್ಚಿಯೇ.

"ಸ್ಪರ್ಧೆ ಎಲ್ಲಿಂದ ಬಂತು? ನನ್ನ ಚಿತ್ರ ಈಗ ಯಾರೂ ನೋಡಲ್ಲ, ಯಾರೂ ಕೊಳ್ಳಲ್ಲ" ಅಂದ ಭಾವ. ಅಳುಮುಖ ಮಾಡಿ ಹೇಳಿದ್ದರೆ ಅವಳಿಗೆ ಎಷ್ಟೋ ಹಾಯಾಗುತ್ತಿತ್ತು. ಅವನು ಸುಮ್ಮನೆ ಬಿಸಿಲಿನ ವಿಷಯ ಹೇಳಿದ ಹಾಗೆ ಹೇಳಿದ. "ಸುಮ್ನೆ ಮನೇಲಿ ಕೂತು ಬರೀತೀನಿ. ನಿನ್ನೆ ಇವಳ ನಾಲಿಗೆ ಬರೀತಾ ಬರೀತಾ ಊಟ ಮಾಡೋದೇ ಮರೆತೆ ನೋಡು. ನಂಗೆ ಗೊತ್ತೇ ಇರ್ಲಿಲ್ಲ ಪುಟ್ಟೀ, ಹೀಗೂ ಇರುತ್ತೆ ಅಂತ."

ಅವಳು ಅವನ ಮುಖ ನೋಡಿದಳು. ಅಣಕ ಇದೆಯಾ ಅಂತ ಹುಡುಕಿದಳು. ಇರಲಿಲ್ಲ. ಮುಖ ನಿರಾಳವಾಗಿತ್ತು, ಹಾಳಾದ್ದು. ಸುತ್ತಿಗೆ ಎತ್ತಿ ಆ ನಿರಾಳವನ್ನು ಚೂರು ಚೂರು ಮಾಡಬೇಕು ಅನ್ನಿಸಿತು. ಎಲ್ಲಿ ಅಂತ ಹೊಡೆಯುವುದು? ಕದ್ದದ್ದು ಅಂತ ಕೂಗುವ ಹಾಗೂ ಇಲ್ಲ. ಅವನ ಹೆಸರನ್ನು ಕಿತ್ತು ತಾನು ಹೊದ್ದುಕೊಂಡಾಗ ತನ್ನ ಗುಟ್ಟಿನ ಖುಷಿಯನ್ನು ಬಿಟ್ಟುಕೊಟ್ಟವಳು ತಾನೇ.

ಹಲಗೆಯ ಅಂಚಿನಲ್ಲಿ ಸುತ್ತಲೂ ಅರ್ಧ ಬೆರಳು ಜಾಗ ಖಾಲಿ ಇತ್ತು. ಈಗ ಅವನಿಗೂ ಫ್ರೇಮಿನ ಲೆಕ್ಕ ಗೊತ್ತಾಗಿತ್ತು. ಅವಳು ಯೋಚಿಸದೆ ನಾಲ್ಕು ಕೂದಲಿನ ಕುಂಚಕ್ಕೆ ಕೈ ಹಾಕಿದಳು. ಅಕ್ಕನಿಗೆ ಒಂದು. ಬರೀ ಒಂದು.

"ಇರುವೆ ಬೇಡಮ್ಮ" ಅಂದ ಭಾವ, ಮೆತ್ತಗೆ. "ಬೇಜಾರು ಮಾಡ್ಕೋಬೇಡ. ಅದು ಈಗ ಎಲ್ಲರ ಮನೇಲೂ ಇದೆ. ಇದು ನನ್ನೊಬ್ಬನಿಗೆ."

ಅವನು ಹೋದ. ಹೋಗುವಾಗ ಏನೋ ಗುನುಗುತ್ತಿದ್ದ. ಫ್ರೇಮಮ್ಮ ಅಕ್ಕನನ್ನು ಮತ್ತೆ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಕುಂಚ ಕೈಯಲ್ಲೇ ಇತ್ತು. ಸಾಲಿನಲ್ಲಿ ಮುಂದಿದ್ದ ಹೆಂಗಸು ಮೊಮ್ಮಗಳ ಫೋಟೋವನ್ನು ಮೇಜಿನ ಮೇಲೆ ತಳ್ಳಿ, "ಹನ್ನೆರಡು ಹಾಕಿಕೊಡಿ ಅಮ್ಮಾ, ನೋಡಿದೋರಿಗೆ ಕಾಣೋ ಹಾಗೆ" ಅಂದಳು.

ಫ್ರೇಮಮ್ಮ ಮೂಗು ಒರೆಸಿಕೊಂಡಳು. "ಎಡದಿಂದ ಬಲಕ್ಕಾ, ಬಲದಿಂದ ಎಡಕ್ಕಾ?" ಅಂತ ಕೇಳಿದಳು.